ನೋಡಿದ ಹಾಗಿದೆ

ಶಿಡ್ಲಘಟ್ಟದ ಕೋರ್ಟಿನಲ್ಲಿ ನನ್ನ ಕೆಲಸ
ಹೆಸರನ್ನು ಮೂರು ಸಲ ಕೂಗುವುದು.
ಇಪ್ಪತ್ತೆರಡು ವರ್ಷ ಕೂಗಿದ್ದೇನೆ:
ಕುರಿ ಕದ್ದವರನ್ನು, ಬದು ಒತ್ತಿದವರನ್ನು,
ಜೀವನಾಂಶ ಕೊಡದ ಗಂಡಂದಿರನ್ನು.
ಮೂರನೇ ಸಲಕ್ಕೆ ದನಿ ತಾನೇ ಇಳಿಯುತ್ತದೆ,
ಬರುವವರು ಎರಡರೊಳಗೇ ಬಂದಿರುತ್ತಾರೆ.

ಆ ಬುಧವಾರ ಒಂದೇ ಸಲ ಕೂಗಿದೆ:
"ಗಂಗುಲಮ್ಮ ಕೋಂ ಲೇಟ್ ಪಿಳ್ಳವೆಂಕಟಪ್ಪ!"
ಹುಳುಮನೆಯ ವಾಸನೆ ಸೆರಗಲ್ಲೇ ಹೊತ್ತು
ಬಂದು ನಿಂತಳು ಕಟಕಟೆಗೆ.
ಕಾಂಪೌಂಡಿನ ಹೊರಗೆ
ತಲೆ ಮೇಲೆ ತಟ್ಟೆ ಹೊತ್ತ ವ್ಯಾನು ನಾಲ್ಕು.
ಬೇವಿನ ನೆರಳಷ್ಟೂ ಅವರದೇ.

ವಿಷಯ ಇಷ್ಟು:
ಮಳೆ ಜೋರಾದ ರಾತ್ರಿ ಕೆರೆ ಕೋಡಿ ಒಡೆದಿದ್ದು,
ಲೇಔಟು ಉಳಿದಿದ್ದು,
ಕೆಳಗಿನ ಹಿಪ್ಪುನೇರಳೆ ತೋಟ ಉಳಿಯದೇ ಹೋಗಿದ್ದು.
ಒಡೆಸಿದ್ದು ಶಾಸಕರೇ, ಒಂದು ಚಾನೆಲ್ಲು.
ಅವರ ಹೆಸರು ಕೆಡಿಸಲು ವಿರೋಧಿಗಳೇ, ಇನ್ನೊಂದು.
ಅಲ್ಲೆಲ್ಲ ತೀರ್ಪು ಆಗಿಹೋಗಿತ್ತು,
ನಮ್ಮಲ್ಲಿ ಇದು ಎರಡನೇ ಸಾಕ್ಷಿ.

"ರಾತ್ರಿ ಎರಡಕ್ಕೆ ಹುಳಕ್ಕೆ ಸೊಪ್ಪು ಹಾಕೋಕೆ ಎದ್ದೆಯಲ್ಲ,
ಕಟ್ಟೆ ಮೇಲೆ ಬಿಳಿ ಕಾರು ನೋಡಿದೆಯಾ?"
ಸರ್ಕಾರಿ ವಕೀಲರು ಕೇಳಿದರು.
ಫ್ಯಾನು ತಿರುಗಿತು.
ಅವಳು ಕಿಟಕಿಯಾಚೆ ನೋಡಿದಳು,
ಅಲ್ಲೂ ಒಂದು ಬಿಳಿ ಕಾರು ನಿಂತಿತ್ತು.
"ಸೂಸಿನಟ್ಲುಂಡಾದಿ ಸಾಮಿ."

ಧಾರವಾಡದ ಕಡೆಯ ಮೇಡಂ ಪೆನ್ನೆತ್ತಿದರು.
ನಮಗೆಲ್ಲ ಅದು ಮನೆಮಾತು,
ಆದರೂ ಕನ್ನಡ ಮಾಡಿಕೊಡಲು ಯಾರಿಗೂ ಬಾಯಿಲ್ಲ.
"ನೋಡಿದ ಹಾಗಿದೆ," ಟೈಪಿಸ್ಟ್ ಹಾಜಿರಾ ಮೆಲ್ಲಗೆ ಹೇಳಿದಳು.
ಎರಡೂ ಕಡೆಯ ವಕೀಲರು
ಈ ಕೇಸಿನಲ್ಲಿ ಮೊದಲ ಸಲ ಒಟ್ಟಿಗೆ ತಲೆಯಾಡಿಸಿದರು.
"ಹಂಗ ಬರಕೋರಿ."

ಐದೇ ನಿಮಿಷ.
ಬೇವಿನ ಬುಡಕ್ಕೆ ಹೋಗುವಷ್ಟರಲ್ಲಿ
'ಹಾಗಿದೆ' ದಾರಿಯಲ್ಲಿ ಬಿದ್ದುಹೋಗಿತ್ತು.
'ಕಣ್ಣಾರೆ ನೋಡಿದೆ!' ಕೆಂಪು ಪಟ್ಟಿ, ಅಜ್ಜಿಯ ಫೋಟೊ.
ಪಕ್ಕದ ವ್ಯಾನಿನಲ್ಲಿ 'ನೋಡಿದ'ವೂ ಬಿದ್ದು
ಅಜ್ಜಿ ಉಲ್ಟಾ.

ಮೆಟ್ಟಿಲ ಮೇಲೆ ಶಾಸಕರು ಕೈಮುಗಿದು
"ಕೋರ್ಟಿನಲ್ಲಿರುವ ವಿಷಯ, ನಾನು ಮಾತಾಡಬಾರದು"
ಎಂದು ಹದಿನೇಳು ನಿಮಿಷ ಮಾತಾಡಿದರು.
ಜನತಾ ನ್ಯಾಯಾಲಯವೇ ದೊಡ್ಡದು ಎಂದರು ಕೊನೆಗೆ.
ಅಲ್ಲಿ ಹೆಸರು ಕೂಗುವವನು ಯಾರು ಸ್ವಾಮಿ,
ಅವನಿಗೆ ಸಂಬಳ ಯಾರು ಕೊಡುತ್ತಾರೆ,
ಕೇಳೋಣ ಅನ್ನಿಸಿತು.
ಯೂನಿಫಾರಮ್ಮಿನಲ್ಲಿದ್ದೆ.

ನಾಲ್ಕು ಗಂಟೆಗೆ ಮೇಡಂಗೆ ಬೋಂಡಾ.
ಕೇಸು ಬಂದ ದಿನವೇ ಮನೆಗೆ ಪೇಪರು ನಿಲ್ಲಿಸಿದ್ದಾರೆ,
ಟೀವಿಗೆ ಟವೆಲ್ಲು ಹೊದಿಸಿದ್ದಾರಂತೆ.
ಬಂಡಿಯ ಬಾಬಾಜಾನ್‌ಗೆ ಇದೆಲ್ಲ ಏನು ಗೊತ್ತು?
ಕಟ್ಟಿಕೊಟ್ಟಿದ್ದು ನಿನ್ನೆಯ ಹಾಳೆ:
'ತಪ್ಪಿತಸ್ಥರೇ, ನೂರಕ್ಕೆ ತೊಂಬತ್ತೆರಡು ಜನ.'
ಎಣ್ಣೆ ಇಳಿದು ಶಾಸಕರ ಮುಖ ಗಾಜಾಗಿತ್ತು,
ಹಿಂದಿನ ಪುಟದ ಗೂಡಿನ ರೇಟು
ಅವರ ಹಣೆಯಲ್ಲಿ ತಿರುವುಮುರುವಾಗಿ ಕಾಣುತ್ತಿತ್ತು.

ಬಾಗಿಲಾಚೆಯೇ ನಿಂತು
ನಾಲ್ಕು ಬೋಂಡಾ ಸ್ಟೀಲ್ ತಟ್ಟೆಗೆ ಸುರಿದೆ.
ತೊಂಬತ್ತೆರಡು ಜನರನ್ನು ಮಡಿಸಿ
ಜೇಬಿಗಿಟ್ಟುಕೊಂಡೆ. ಅಂಗಿಗೆ ಎಣ್ಣೆಯಾಯಿತು.
"ಯಾಕಪಾ, ಇವತ್ತ ತಟ್ಟ್ಯಾಗ ತಂದೀ?"
"ಬಿಸಿ ಇದೆ ಮೇಡಂ."

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಗಂಗುಲಮ್ಮ
ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದಳು.
ಕಾಲೇಜು ಹುಡುಗನೊಬ್ಬ ಫೋನು ಹಿಡಿದ:
ನೋಡವ್ವಾ, ಎರಡು ಲಕ್ಷ ಜನ ನೋಡಿದ್ದಾರೆ.
ಅದರೊಳಗೆ ಅವಳದೇ ಸೀರೆ, ಅವಳದೇ ಬಾಯಿ,
ಹಿಂದೆ ಗುಡುಗಿನಂಥ ಮ್ಯೂಸಿಕ್ಕು.
ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.
"ಈಯಮ್ಮನ್ನಿ ಯಾಡೋ ಸೂಸಿನಟ್ಲುಂಡಾದಿ."

ಹುಡುಗ ನಕ್ಕ. ನಾನು ನಗಲಿಲ್ಲ.
ಬಸ್ಸು ಬಂತು. ಬೇಗ ಹತ್ತಿದಳು.
ಹುಳ ನಾಲ್ಕನೇ ಜ್ವರ ಎದ್ದಿವೆಯಂತೆ,
ರಾತ್ರಿ ಎರಡಕ್ಕೆ ಮತ್ತೆ ಸೊಪ್ಪು ಹಾಕಬೇಕು.